ಎಲೆಯ ತುದಿ ಎಡಕ್ಕೆ!

ಮೊದಲೇ ಹೇಳಿಬಿಡುತ್ತೇನೆ. ಚಿತ್ರದಲ್ಲಿ ತಪ್ಪಿರಲಿಲ್ಲ.

ಇದನ್ನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ನಂಜನಗೂಡಿನಲ್ಲಿ ಇರುವವನು ಪ್ರಮಾಣಕ್ಕೆ ದೇವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು, ಈ ಊರಿನ ಅರ್ಧ ಜನರ ಕಿವಿ ಹಿಂಡಿ, ಉಳಿದರ್ಧ ಜನರಿಗೆ ಕೈವಾರ ಹಿಡಿಯುವುದನ್ನು ಕಲಿಸಿ ನಿವೃತ್ತನಾದವನು ನಾನು. ನಾನು ಬರೆದ ಬಾಳೆಲೆಯನ್ನು ಕಂಡರೆ ಬೀದಿಯ ಹಸು ಬಂದು ಬಾಯಿ ಹಾಕಬೇಕು, ಹಾಗಿತ್ತು. ಆದರೂ ನನ್ನ ತಂಗಿಯ ಮಗಳ ಮದುವೆಯಲ್ಲಿ ನಡೆದದ್ದಕ್ಕೆಲ್ಲ ಆ ಚಿತ್ರವೇ ಕಾರಣವೆಂದು ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಸಹಿಸುವುದಕ್ಕೂ ಒಂದು ಮಿತಿ ಬೇಡವೇ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿ ಗಿರಿಜೆ ಇರುವುದು ತಿ. ನರಸೀಪುರದಲ್ಲಿ. ಗಂಡ ತೀರಿಕೊಂಡ ಮೇಲೆ ಶಾಲೆಯಲ್ಲಿ ಪಾಠ ಹೇಳಿಕೊಂಡು, ಒಬ್ಬಳೇ ನಿಂತು ಮಗಳನ್ನು ಓದಿಸಿದವಳು. ಆ ಮಗಳನ್ನು ನಮ್ಮ ನಂಜನಗೂಡಿನ ಒಂದು ಮನೆತನಕ್ಕೆ ಕೊಡುವುದೆಂದು ಮಾತಾಯಿತು. ಹುಡುಗ ಚಿನ್ನ. ಅಪ್ಪ ಅಮ್ಮ ಬೆಣ್ಣೆ. ತೊಂದರೆಯೆಲ್ಲ ಇದ್ದದ್ದು ಹುಡುಗನ ದೊಡ್ಡಪ್ಪ ಶ್ರೀಕಂಠಯ್ಯನವರಲ್ಲಿ. ಎಪ್ಪತ್ತೈದು ದಾಟಿದ ವೈದಿಕರು. ಆ ಮನೆಯಲ್ಲಿ ಅವರು ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಅವರು ಊಟಕ್ಕೆ ಕೂತರೆ ಪರೀಕ್ಷೆಯ ಹಾಲಿಗೆ ಸ್ಕ್ವಾಡ್ ಬಂದಂತೆ ಎಲ್ಲರ ಬೆನ್ನೂ ನೆಟ್ಟಗಾಗುತ್ತಿತ್ತು.

ನಿಶ್ಚಿತಾರ್ಥದ ದಿನ ಬಡಿಸಿದ್ದು ಅಡುಗೆ ಕಂಟ್ರಾಕ್ಟಿನ ಕಡೆಯವರು. ಅವರು ಬಡಿಸಿದರು ಎನ್ನುವುದಕ್ಕಿಂತ ಎಸೆದರು ಎನ್ನಬೇಕು. ಉಪ್ಪನ್ನು ಪಲ್ಯದ ಮೇಲೆ ಉದುರಿಸಿದರು. ಪಾಯಸವನ್ನು ಸಾರಿನ ಹೊಂಡಕ್ಕೇ ಸುರಿದರು. ಶ್ರೀಕಂಠಯ್ಯನವರು ಎಲೆಯನ್ನೊಮ್ಮೆ ನೋಡಿ, ಪಕ್ಕದವರಿಗೆ ಹೇಳುವಂತೆ, ಆದರೆ ಅಡುಗೆಮನೆಯವರೆಗೂ ಕೇಳುವಂತೆ ಹೇಳಿದರು: "ಉಪ್ಪು ಎಲ್ಲಿ ಹಾಕ್ಬೇಕು ಅಂತ ಗೊತ್ತಿಲ್ಲದ ಮನೆಯಿಂದ ಹೆಣ್ಣು ತರ್ತಾ ಇದ್ದೀವಲ್ಲಪ್ಪ!"

ಬಾಗಿಲ ಹಿಂದೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಗಿರಿಜೆಗೆ ಅದು ಕೇಳಿಸಿತು. ಮರುದಿನ ಫೋನಿನಲ್ಲಿ ಅತ್ತಳು.

"ಅಣ್ಣ, ನನ್ನನ್ನ ಏನಾದ್ರೂ ಅನ್ಲಿ. ನಾಳೆ ಆ ಮನೇಲಿ ಬಾಳ್ವೆ ಮಾಡೋಳು ನನ್ನ ಮಗಳು. ಜೀವನ ಪೂರ್ತಿ ಅವಳಿಗೆ ಈ ಮಾತು ಕೇಳಿಸ್ತಾನೇ ಇರತ್ತೆ. ಮದುವೆ ದಿನ ಬೀಗರ ಪಂಕ್ತಿ ಒಂದು ಸರಿಯಾಗಿ ಆಗಿಬಿಟ್ರೆ ಸಾಕು ಕಣೋ. ಬಡಿಸೋದಕ್ಕೆ ನಮ್ಮೋರೇ ನಾಲ್ಕು ಜನಾನ ಕರ್ಕೊಂಡು ಬರ್ತೀಯಾ?"

"ನಾಲ್ಕು ಯಾಕೆ? ಹನ್ನೆರಡು ಜನಾನ ಕರ್ಕೊಂಡು ಬರ್ತೀನಿ. ನೀನು ನಿಶ್ಚಿಂತೆಯಾಗಿರು," ಎಂದೆ.

ನಿಶ್ಚಿಂತೆಯಾಗಿರು ಎಂದು ನಾನು ಯಾರಿಗೆ ಹೇಳಿದರೂ ನನ್ನ ಹೆಂಡತಿ ವನಜಾಕ್ಷಿಗೆ ಚಿಂತೆ ಶುರುವಾಗುತ್ತದೆ. ಅದು ಅವಳ ಸ್ವಭಾವದ ದೋಷ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಅದರ ಹಿಂದಿನ ತಿಂಗಳಷ್ಟೇ ಮೈಸೂರಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದೆ. ವಿಷಯ: ಚಿತ್ರ ಬರೆದು ಗುಂಪಿನವರೆಲ್ಲ ಸೇರಿ ಯೋಚನೆ ಮಾಡುವುದು. ಹತ್ತು ಜನ ಒಂದು ಕಡೆ ಕೂತರೆ ಹನ್ನೊಂದು ಮಾತು ಬರುತ್ತದೆ. ಅದರ ಬದಲು ಗೋಡೆಯ ಮೇಲೊಂದು ದೊಡ್ಡ ಚಿತ್ರ ಬರೆದರೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗುತ್ತದೆ, ಜಗಳವಿಲ್ಲದೆ ಕೆಲಸವಾಗುತ್ತದೆ. ಹೇಳಿಕೊಟ್ಟವಳು ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ಯಾರಿಗಾದರೂ ಅನುಮಾನ ಬಂದರೆ ನಡುವೆ ಬಾಯಿ ಹಾಕುವಂತಿಲ್ಲ, ಹಳದಿ ಚೀಟಿಯಲ್ಲಿ ಬರೆದು 'ಪ್ರಶ್ನೆಗಳ ಗೋಡೆ'ಗೆ ಅಂಟಿಸಬೇಕು. ಬರೆಯಲು ಬಾರದವರು ಚಿತ್ರ ಬರೆದು ಅಂಟಿಸಬೇಕು. ಸಭೆ ಮುಗಿಯುವ ಮೊದಲು ಮುಂದಾಳು ಎಲ್ಲ ಚೀಟಿಯನ್ನೂ ಗಟ್ಟಿಯಾಗಿ ಓದಬೇಕು ಎಂದು ಅವಳು ನಾಲ್ಕು ಸಲ ಹೇಳಿದಳು. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ಅದಕ್ಕೇ ಉಳಿದ ಮೂರು ಸಲ ಕೇಳಿಸಿಕೊಳ್ಳಲಿಲ್ಲ. ಬರುವಾಗ ಸರ್ಟಿಫಿಕೇಟೂ ಹನ್ನೆರಡು ಬಣ್ಣದ ಮಾರ್ಕರಿನ ಪೆಟ್ಟಿಗೆಯೂ ಒಂದು ಕಟ್ಟು ಹಳದಿ ಚೀಟಿಯೂ ಸಿಕ್ಕವು.

ಮದುವೆಗೆ ಮುಂಚಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಸಭೆ ಕರೆದೆ. ಬಂದವರು ಹನ್ನೆರಡು ಜನ. ಎಲ್ಲರೂ ನನ್ನ ಹಳೆಯ ಶಿಷ್ಯರೇ. ಈಗ ಒಬ್ಬೊಬ್ಬರಿಗೂ ಹೊಟ್ಟೆ ಬಂದಿದೆ, ತಲೆ ನರೆತಿದೆ, ಆದರೂ ನನ್ನನ್ನು ಕಂಡರೆ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬ ಅಂಚೆ ಕಚೇರಿಯ ನಾಗಭೂಷಣ. ಇನ್ನೊಬ್ಬ ಪಕ್ಕದ ಹದಿನಾರು ಗ್ರಾಮದ ಸಿದ್ದರಾಜು, ತೋಟದಲ್ಲಿ ಬಾಳೆ ಬೆಳೆದು ಊರಿನ ಮದುವೆ ಮುಂಜಿಗಳಿಗೆಲ್ಲ ಎಲೆ ಕೊಡುವವನು. ಗಿರಿಜೆಯ ಮನೆಯ ಮದುವೆಗೂ ಎಲೆ ಅವನದೇ, ಎಲೆ ಹಾಸುವುದೂ ಅವನದೇ.

ಸಿದ್ದರಾಜುವಿನ ಬಗ್ಗೆ ಒಂದು ಮಾತು ಹೇಳಬೇಕು. ಏಳನೇ ಕ್ಲಾಸಿನಲ್ಲಿ ನಾನು ಕೋಳಿ ಬರೆಯೋ ಎಂದಾಗ ಚೊಂಬು ಬರೆದವನು ಇವನು. "ಇದ್ಕೆ ಕಾಲೆಲ್ಲೋ?" ಎಂದರೆ "ಕಾವ್‌ಗೆ ಕುಂತದೆ ಸಾ" ಎಂದಿದ್ದ. ಐವತ್ತಕ್ಕೆ ಎಂಟು ಕೊಟ್ಟಿದ್ದೆ. ಅದೂ ಕಾಗದ ಹರಿಯದೆ ಒಪ್ಪಿಸಿದ್ದಕ್ಕೆ.

ಜಗಲಿಯ ಗೋಡೆಗೆ ಚಾರ್ಟ್ ಪೇಪರ್ ಅಂಟಿಸಿ ಮೊದಲು ಹನ್ನೆರಡು ಜನರ ಚಿತ್ರ ಬರೆದೆ. ಯಾರ ಕೈಯಲ್ಲಿ ಯಾವ ಪಾತ್ರೆ, ಯಾರ ಹಿಂದೆ ಯಾರು ಬರಬೇಕು ಎಂಬುದನ್ನು ತೋರಿಸಲು ಬಾಣದ ಗುರುತು ಹಾಕಿದೆ. ತೊವ್ವೆಗೆ ಹಳದಿ ಬಾಣ, ಸಾರಿಗೆ ಕೆಂಪು ಬಾಣ, ಪಲ್ಯಕ್ಕೆ ಹಸಿರು.

"ಸಾರ್, ನನಗೆ ಇಷ್ಟು ಹೊಟ್ಟೆ ಇದೆಯಾ?" ಎಂದ ನಾಗಭೂಷಣ.

"ಇದು ಸಂಕೇತ ಕಣೋ."

"ಸಂಕೇತಾನ ಸ್ವಲ್ಪ ಒಳಗೆ ಎಳ್ಕೊಳ್ಳಿ ಸಾರ್."

ಅವನ ಹೊಟ್ಟೆ ಸಣ್ಣದು ಮಾಡಿದೆ. ಉಳಿದವರು ಬಿಡುತ್ತಾರೆಯೇ? ಒಬ್ಬನಿಗೆ ಕೂದಲು ಬೇಕಂತೆ, ಇನ್ನೊಬ್ಬನಿಗೆ ಮೀಸೆ ಬೇಡವಂತೆ. ಕಾಲು ಗಂಟೆ ಅದರಲ್ಲೇ ಹೋಯಿತು. ಕಾಫಿ ತಂದ ವನಜಾಕ್ಷಿ ಗೋಡೆಯನ್ನು ನೋಡಿದಳು.

"ಉಪ್ಪು ಬಡ್ಸೋದಕ್ಕೆ ಇಷ್ಟೊಂದು ಬಾಣ ಬೇಕೇನ್ರೀ? ಯುದ್ಧಕ್ಕೆ ಹೋಗ್ತಿದ್ದೀರೋ, ಮದುವೆಗೋ?"

ಎರಡನೆಯ ಚಾರ್ಟನ್ನು ಬಿಡಿಸಿದೆ. ಅದೇ ಆ ಬಾಳೆಲೆ.

ಮೂರು ದಿನ ಕೂತು ಬರೆದದ್ದು. ಎಲೆಯ ತುದಿ ಎಡಕ್ಕೆ. ತುದಿಯ ಹತ್ತಿರ ಮೇಲೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಗೊಜ್ಜು, ಬಲಕ್ಕೆ ಬಂದರೆ ಎರಡು ಪಲ್ಯ. ನಡುವೆ ಅನ್ನ. ಬಲಗಡೆಯ ಕೆಳ ಮೂಲೆಯಲ್ಲಿ ಪಾಯಸ. ನಡುದಿಂಡಿನ ಎರಡೂ ಬದಿಗೆ ಎಳೆ ಎಳೆಯಾಗಿ ನರ ಬಿಡಿಸಿದ್ದೆ. ಪಾಯಸದಲ್ಲಿ ದ್ರಾಕ್ಷಿ ತೇಲುತ್ತಿತ್ತು. ಶಿಷ್ಯರು "ಆಹಾ" ಎಂದರು. ನನಗೆ ಕಣ್ಣು ತುಂಬಿ ಬಂತು.

"ನೋಡಿ," ಎಂದೆ. "ಅವತ್ತು ನೀವು ಯಾರೂ ತಲೆ ಉಪಯೋಗಿಸಬೇಕಾಗಿಲ್ಲ. ಈ ಚಿತ್ರದ ಸಣ್ಣ ಪ್ರತಿ ಮಾಡಿಸಿ ಎಲ್ಲರ ಕೈಗೂ ಕೊಡ್ತೀನಿ. ಚಿತ್ರದಲ್ಲಿ ಎಲ್ಲಿದೆಯೋ ಅಲ್ಲಿ ಹಾಕಿ. ಅಷ್ಟೇ."

ಮೂಲೆಯಲ್ಲಿ ಕೂತಿದ್ದ ಸಿದ್ದರಾಜು ಕೈ ಎತ್ತಿದ. "ಸಾ, ಒಂದ್ ಮಾತು ಕೇಳ್ಲಾ?"

"ಬಾಯಲ್ಲಿ ಕೇಳೋ ಹಾಗಿಲ್ಲ. ಚೀಟೀಲಿ ಬರೆದು ಗೋಡೆಗೆ ಅಂಟಿಸು."

"ಅಲ್ಲ ಸಾ, ಚಿಕ್ ಮಾತು..."

"ಚಿಕ್ಕ ಮಾತಿಗೇ ಚಿಕ್ಕ ಚೀಟಿ ಇರೋದು!"

ಶಿಸ್ತು ಎಂದರೆ ಶಿಸ್ತು. ಅವನು ನಾಲಿಗೆ ಕಚ್ಚಿಕೊಂಡು ಮಾರ್ಕರು ಹಿಡಿದು ಏನನ್ನೋ ಗೀಚಿ ಅಂಟಿಸಿದ. ನೋಡನೋಡುತ್ತ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಚೀಟಿ ಅಂಟಿಸಿದರು. ಗೋಡೆ ತುಂಬ ಹಳದಿ ಚೀಟಿ! ಮೈಸೂರಿನ ಆ ತರಬೇತಿಯಲ್ಲೂ ಇಷ್ಟು ಚೀಟಿ ಬಿದ್ದಿರಲಿಲ್ಲ. ಇದಲ್ಲವೇ ಗುಂಪು ಚಿಂತನೆ! ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಆ ಹೆಣ್ಣುಮಗಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಆಮೇಲೆ ಚೀಟಿಗಳನ್ನೆಲ್ಲ ಜೋಪಾನವಾಗಿ ಕಿತ್ತು ಒಂದು ಕವರಿನಲ್ಲಿ ಹಾಕಿ ಚೀಲದಲ್ಲಿಟ್ಟೆ. ಅಷ್ಟು ಹೊತ್ತಿಗೆ ಉಪ್ಪಿಟ್ಟು ಬಂತು.

ಮದುವೆಯ ದಿನ ಬೆಳಿಗ್ಗೆ ನರಸೀಪುರದ ಕಲ್ಯಾಣ ಮಂಟಪದಲ್ಲಿ ನಮ್ಮ ಪಡೆ ಇಳಿಯಿತು. ಎಲ್ಲರಿಗೂ ಬಿಳಿ ಪಂಚೆ, ಸೊಂಟಕ್ಕೆ ವಲ್ಲಿ, ಕೈಯಲ್ಲಿ ಚಿತ್ರದ ಕಾರ್ಡು. ಮುಹೂರ್ತ ಚೆನ್ನಾಗಿ ನಡೆಯಿತು. ಸೋದರಮಾವನಾಗಿ ನಾನು ಮಾಡಬೇಕಾದದ್ದೆಲ್ಲ ಮಾಡಿದೆ. ಅಕ್ಷತೆ ಬಿದ್ದದ್ದೇ ಗಿರಿಜೆ ನನ್ನ ಹತ್ತಿರ ಬಂದಳು. ಮುಖದಲ್ಲಿ ನಗುವೇ ಇಲ್ಲ.

"ಅಣ್ಣ, ಇನ್ನು ಪಂಕ್ತಿ ಕಣೋ."

"ಎಲ್ಲ ಚಿತ್ರದಲ್ಲಿದೆ," ಎಂದೆ.

ಬೀಗರ ಪಂಕ್ತಿ ನೆಲದ ಮೇಲೇ ಆಗಬೇಕೆಂದು ಶ್ರೀಕಂಠಯ್ಯನವರ ಕಟ್ಟಪ್ಪಣೆ. ಹಾಲಿನ ಎರಡು ಗೋಡೆಗಳ ಉದ್ದಕ್ಕೂ ಜಮಖಾನ ಹಾಸಿ, ಎದುರುಬದುರಾಗಿ ಎರಡು ಸಾಲು, ನಲವತ್ತು ಎಲೆ. ನಡುವೆ ಬಡಿಸುವವರು ಓಡಾಡಲು ದಾರಿ. ನಾನು ಅಡುಗೆಮನೆಯ ಬಾಗಿಲಿಗೆ ದೊಡ್ಡ ಚಿತ್ರ ಅಂಟಿಸಿ ಬರುವಷ್ಟರಲ್ಲಿ ಸಿದ್ದರಾಜು ನಲವತ್ತು ಎಲೆಯನ್ನೂ ಹಾಸಿ ಮುಗಿಸಿದ್ದ. ನಡುದಾರಿಯಲ್ಲಿ ನಿಂತು ನೋಡಿದೆ. ಒಂದು ಸಾಲಿನ ಅಷ್ಟೂ ಎಲೆಯ ತುದಿ ಬಲಕ್ಕೆ! ತಿರುಗಿ ಇನ್ನೊಂದು ಸಾಲು ನೋಡಿದೆ. ಅದೂ ಬಲಕ್ಕೆ!

"ಏನೋ ಇದು, ಕೋಳಿ ಸಿದ್ದ! ಕೈಯಲ್ಲಿ ಕಾರ್ಡು ಇಟ್ಕೊಂಡೂ ಹೀಗಾ? ತುದಿ ಎಡಕ್ಕೆ ಅಂತ ತಾನೆ ಇರೋದು?"

"ಸಾ, ಉಣ್ಣೋರು ಆ ಗ್ವಾಡೆ ತಾವ್ ಕುಂತ್ಕತಾರಲ್ವಾ..."

"ಉಣ್ಣೋರ ವಿಷಯ ನಿನಗ್ಯಾಕೆ? ನೀನು ಬಡಿಸೋ ಕಡೆಯವನು!"

"ನಮ್ ತಾತನ್ ಕಾಲ್ದಿಂದ ಬಾಳೆ ಬೆಳೀತಾವಿ ಸಾ..."

"ಬೆಳೆಯೋದು ಬೇರೆ, ಹಾಸೋದು ಬೇರೆ. ತಿರುಗಿಸು!"

ಅವನ ಕೈ ಏಳಲಿಲ್ಲ. ಹೊತ್ತು ಮೀರುತ್ತಿತ್ತು. ನಾನೇ ಪಂಚೆ ಎತ್ತಿ ಕಟ್ಟಿ, ಬಗ್ಗಿ ಬಗ್ಗಿ, ನಲವತ್ತು ಎಲೆಯನ್ನೂ ಸ್ವಂತ ಕೈಯಿಂದ ತಿರುಗಿಸಿದೆ. ಸೊಂಟ ಹಿಡಿದುಕೊಂಡಿತು. ಆದರೆ ನೋಡಲು ಎಷ್ಟು ಚೆನ್ನಾಗಿತ್ತು! ನಡುವೆ ನಿಂತು ಯಾವ ಕಡೆ ತಿರುಗಿದರೂ ತುದಿ ಎಡಕ್ಕೆ, ನನ್ನ ಚಿತ್ರವೇ ನಲವತ್ತು ಸಲ ಅಚ್ಚಾದಂತೆ. ಹುಡುಗರಿಗೆ ಕಣ್ಸನ್ನೆ ಮಾಡಿದೆ. ಅವರು ಕಾರ್ಡು ನೋಡಿಕೊಂಡು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಪಾಯಸ ಎಲ್ಲವನ್ನೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬಡಿಸಿದರು. ಇಂಥ ಶಿಸ್ತನ್ನು ನರಸೀಪುರ ಕಂಡಿರಲಿಲ್ಲ.

ಬೀಗರು ಬಂದು ಕೂತರು. ಕೂತವರು ಎಲೆ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಒಂದಿಬ್ಬರು ಪಿಸುಗುಟ್ಟಿದರು.

"ಈ ಕಡೆ ಸಂಪ್ರದಾಯ ಹೀಗೇ ಏನೋ."

"ಇರ್ಬಹುದು. ಎರಡು ನದಿ ಸೇರೋ ಊರು ನೋಡಿ."

ಮೆಚ್ಚುಗೆಯೆಂದು ನಾನು ತಿಳಿದೆ. ಶ್ರೀಕಂಠಯ್ಯನವರು ಮಾತ್ರ ಏನನ್ನೂ ಗಮನಿಸಲಿಲ್ಲ. ಹೋಮದ ಹೊಗೆಗೆ ಕಣ್ಣು ಉರಿಯುತ್ತಿದೆಯೆಂದು ಕನ್ನಡಕ ತೆಗೆದಿಟ್ಟಿದ್ದರು. ಅನ್ನ ಬಂತು, ತೊವ್ವೆ ಬಂತು. ಗಿರಿಜೆ ತಾನೇ ತುಪ್ಪದ ಗಿಂಡಿ ಹಿಡಿದು ಬಂದು ಮಿಳ್ಳೆಯಲ್ಲಿ ತುಪ್ಪ ಹಾಕಿದಳು. ಅವರು ಕಣ್ಣು ಮುಚ್ಚಿ, ಎಲೆಯ ಸುತ್ತ ನೀರು ಬಿಟ್ಟು, ದೇವರನ್ನು ನೆನೆದರು. ಕಣ್ಣು ಮುಚ್ಚಿಕೊಂಡೇ, ಎಪ್ಪತ್ತು ವರ್ಷದ ಅಭ್ಯಾಸದಂತೆ, ಬಲಗಡೆಯ ಕೆಳ ಮೂಲೆಗೆ ಕೈ ಹಾಕಿ ಮೂರು ಬೆರಳಲ್ಲಿ ಪಾಯಸವನ್ನು ತೆಗೆದು ಬಾಯಿಗೆ ಹಾಕಿಕೊಂಡರು.

ಅಲ್ಲಿದ್ದದ್ದು ಉಪ್ಪು!

ಅವರ ಮುಖ ಮೊದಲು ಕೆಂಪಾಯಿತು. ಆಮೇಲೆ ಬಿಳಿಚಿಕೊಂಡಿತು. ಅದಾದ ಮೇಲೆ ಬಂದ ಬಣ್ಣಕ್ಕೆ ನನ್ನ ಹನ್ನೆರಡು ಮಾರ್ಕರಿನ ಪೆಟ್ಟಿಗೆಯಲ್ಲಿ ಹೆಸರಿಲ್ಲ.

"ಯಾರು..." ಎಂದರು. ನೀರು ಕುಡಿದರು. "ಯಾರು ಉಪ್ಪನ್ನ ಪಾಯಸದ ಜಾಗದಲ್ಲಿ ಹಾಕಿದ್ದು?" ಕನ್ನಡಕ ಹಾಕಿಕೊಂಡು ಎಲೆಯ ಮೇಲೆ ಬಗ್ಗಿದರು. "ಶಿವ ಶಿವಾ! ತುದಿ ಬಲಕ್ಕಿದೆ! ಪಲ್ಯ ಹೊಟ್ಟೆ ಹತ್ರ ಇದೆ, ಪಾಯಸ ಆಚೆ ಮೂಲೇಲಿದೆ! ಇದೇನು ಮದುವೆ ಊಟವೋ, ತಿಥಿ ಊಟವೋ?"

ಹಾಲಿನಲ್ಲಿ ನಲವತ್ತು ಕೈಗಳು ಎಲೆಯ ಮೇಲೆ ಹಾಗೇ ನಿಂತವು. ಗಿರಿಜೆ ತುಪ್ಪದ ಗಿಂಡಿಯನ್ನು ಅಲ್ಲೇ ನೆಲದ ಮೇಲಿಟ್ಟಳು. ಮದುಮಗಳು ಬಾಗಿಲಲ್ಲಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ನನಗೆ ಸಿಟ್ಟು ಬಂತು. ಮೂರು ದಿನ ಕೂತು ಬರೆದ ಚಿತ್ರವನ್ನು, ನಲವತ್ತು ಎಲೆಗೆ ಬಗ್ಗಿ ಹಿಡಿದುಕೊಂಡ ಸೊಂಟವನ್ನು ಒಂದೇ ಮಾತಿನಲ್ಲಿ ತಿಥಿಗೆ ಸೇರಿಸುವುದೆಂದರೇನು? ಅಡುಗೆಮನೆಯ ಬಾಗಿಲಿನ ದೊಡ್ಡ ಚಿತ್ರವನ್ನು ಕಿತ್ತು ತಂದು ಅವರ ಎದುರು ಹಿಡಿದು ನಿಂತೆ.

"ಕ್ಷಮಿಸ್ಬೇಕು. ತಾವು ಮೊದಲು ಇದನ್ನ ನೋಡ್ಬೇಕು. ತುದಿ ಎಡಕ್ಕಿದೆ!"

ನೋಡಿದರು. "ಚಿತ್ರದಲ್ಲಿ ಎಡಕ್ಕಿದೆ ಕಣ್ರೀ. ಎಲೇಲಿ ಬಲಕ್ಕಿದೆ."

ನಾನು ಎಲೆ ನೋಡಿದೆ. "ಎಲೇಲೂ ಎಡಕ್ಕೇ ಇದೆಯಲ್ಲ!"

"ಬಲಕ್ಕೆ!"

"ಎಡಕ್ಕೆ!"

"ರೀ, ನನಗೆ ಎಡ ಬಲ ಹೇಳ್ಕೊಡ್ತೀರಾ? ಬನ್ನಿ, ಇಲ್ಲಿ ಬಂದು ಕೂತ್ಕೊಂಡು ನೋಡಿ!"

ಸತ್ಯಕ್ಕೆ ಭಯವೇನು? ಸಾಲನ್ನು ಬಳಸಿಕೊಂಡು ಹೋಗಿ ಅವರ ಪಕ್ಕದಲ್ಲಿ ಜಮಖಾನದ ಮೇಲೆ ಕೂತೆ. ನೋಡಿದೆ. ತುದಿ ಬಲಕ್ಕಿತ್ತು. ಎದ್ದುಬಿಡೋಣ ಎನ್ನಿಸಿತು, ಆದರೆ ಸೊಂಟ ಏಳಲಿಲ್ಲ.

ಆಗ ಹೊಳೆಯಿತು. ಚಿತ್ರವನ್ನು ನಾನು ಊಟಕ್ಕೆ ಕೂತವನ ಕಡೆಯಿಂದ ಬರೆದಿದ್ದೆ. ಬೇರೆ ಹೇಗೆ ಬರೆಯಲಿ? ನನ್ನ ಜೀವಮಾನದಲ್ಲಿ ನಾನು ಬಾಳೆಲೆಯನ್ನು ಕಂಡದ್ದೇ ಆ ಕಡೆಯಿಂದ! ಬಡಿಸುವವನು ನಿಲ್ಲುವುದು ಎದುರಿಗೆ ಎಂಬುದು, ಅರವತ್ತಮೂರು ವರ್ಷ ಬರೀ ಉಂಡವನಿಗೆ ಹೇಗೆ ತಿಳಿಯಬೇಕು?

"ನಾಗಭೂಷಣ, ನಿನಗೂ ಗೊತ್ತಾಗಲಿಲ್ವೇನೋ?" ಎಂದು ಕೂತಲ್ಲಿಂದಲೇ ಗದರಿದೆ.

"ಅನುಮಾನ ಬಂತು ಸಾರ್. ಆದ್ರೆ ನೀವು ತಲೆ ಉಪಯೋಗಿಸಬೇಡಿ ಅಂದಿದ್ರಲ್ಲ."

ನೋಡಿ, ಎಂಥ ಶಿಷ್ಯರು! ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ ಒಂದು ಮಾತನ್ನೂ ಕೇಳದವರು ಅವತ್ತು ಕೇಳಿದ್ದರು.

ಈಗ ಏನು ಮಾಡುವುದು? ಎಲೆ ತಿರುಗಿಸೋಣವೆಂದರೆ, ಬಡಿಸಿದ ಎಲೆಯನ್ನು ಎಳೆಯಬಾರದೆಂದು ಶ್ರೀಕಂಠಯ್ಯನವರು. ಎತ್ತಿ ಬೇರೆ ಎಲೆ ಹಾಕೋಣವೆಂದರೆ, ಅನ್ನ ಹಾಕಿದ ಮೇಲೆ ನಲವತ್ತು ಎಲೆಯನ್ನು ಚೆಲ್ಲುವುದೇ? ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀಗರು ಒಬ್ಬೊಬ್ಬರಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಪಂಕ್ತಿಯೇ ಎದ್ದುಹೋದರೆ ನನ್ನ ತಂಗಿ ಜೀವನದಲ್ಲಿ ಮತ್ತೆ ಆ ಮನೆಯವರಿಗೆ ಮುಖ ತೋರಿಸುವ ಹಾಗಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ಚಿತ್ರ ನನಗೆ ನೆನಪಿರಲಿಲ್ಲ.

ಕಂಬದ ಪಕ್ಕದಿಂದ ಒಂದು ದನಿ ಬಂತು.

"ಎಲೆ ಅಲ್ಲಾಡುಸ್ಬ್ಯಾಡಿ ಸಾಮಿ. ನೀವೇ ಈ ಕಡಿಕ್ ಬಂದ್ ಕುಂತ್ಕಳಿ."

ಸಿದ್ದರಾಜು! ನಡುದಾರಿಯನ್ನು ತೋರಿಸು‌ತ್ತಿದ್ದ. "ನಾವು ನಿಂತಿರೋ ತಾವ್ ಕುಂತ್ರೆ ತುದಿ ಎಡಕ್ಕೇ ಬತ್ತದೆ. ಉಪ್ಪೂ ಅದ್ರ ಜಾಗಕ್ಕೇ ಬತ್ತದೆ, ಪಾಯ್ಸಾನೂ ಅದ್ರ ಜಾಗಕ್ಕೇ ಬತ್ತದೆ. ನಾವು ಆ ಗ್ವಾಡೆ ಕಡಿಂದ ಬಡುಸ್ತೀವಿ."

ಶ್ರೀಕಂಠಯ್ಯನವರು ಎಲೆ ನೋಡಿದರು. ಎದುರಿನ ಜಾಗ ನೋಡಿದರು. ತಲೆಯಲ್ಲೇ ಎಲೆಯ ಸುತ್ತ ಒಂದು ಸುತ್ತು ಬಂದರು.

"ದಿಕ್ಕು?" ಎಂದರು.

"ಈಗ ಪಡುವಕ್ ಕುಂತಿದ್ದೀರಿ. ಈ ಕಡಿಕ್ ಬಂದ್ರೆ ಮೂಡ್ಲಿಗ್ ಮಕ ಬತ್ತದೆ ಸಾಮಿ. ಇನ್ನೂ ವಾಸಿ."

ಅವರು ನಿಧಾನವಾಗಿ ಎರಡೂ ಕೈ ಚಾಚಿದರು, ಎಬ್ಬಿಸಿ ಎನ್ನುವಂತೆ. ಅವರು ಎದ್ದದ್ದೇ ನಲವತ್ತು ಜನವೂ ಎದ್ದರು. ಎಲೆ ದಾಟುವಂತಿಲ್ಲವಲ್ಲ, ಪಂಚೆ ಸೀರೆ ಎತ್ತಿಕೊಂಡು, ಸಾಲಿನ ಕೊನೆಯವರೆಗೆ ಹೋಗಿ, ಬಳಸಿಕೊಂಡು ಬಂದು ತಮ್ಮ ತಮ್ಮ ಎಲೆ ಹುಡುಕಿ ಕೂತರು. ಎದುರುಬದುರು ಕೂತಿದ್ದವರು ಈಗ ಬೆನ್ನಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿ ಕೂತಿದ್ದರು. ಹೋಂವರ್ಕ್ ತರದ ಮಕ್ಕಳನ್ನು ನಾನು ಹಾಗೇ ಕೂರಿಸುತ್ತಿದ್ದೆ. ಹುಡುಗರು ಕಾರ್ಡುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೂ ಎಲೆಗೂ ನಡುವೆ ಏಡಿಗಳಂತೆ ಅಡ್ಡಡ್ಡ ನಡೆದು ಬಡಿಸಿದರು. ತಲೆ ಉಪಯೋಗಿಸಿಯೇ ಬಡಿಸಿದರು. ಸಾರು ಸಾರಾಗಿ ಬಂತು. ಹೋಳಿಗೆ ಹೋಳಿಗೆಯಾಗಿ ಬಂತು. ಶ್ರೀಕಂಠಯ್ಯನವರು ಪಾಯಸವನ್ನು ಮೂರು ಸಲ ಹಾಕಿಸಿಕೊಂಡರು, ಬಾಯಿಯ ಉಪ್ಪು ಹೋಗಲೆಂದೋ ಏನೋ.

ಕೈ ತೊಳೆದು ಬಂದವರು ನೇರವಾಗಿ ಗಿರಿಜೆಯ ಹತ್ತಿರ ಹೋದರು. ನಾನೂ ವನಜಾಕ್ಷಿಯೂ ಪಕ್ಕದಲ್ಲೇ ಇದ್ದೆವು.

"ಊಟ ಚೆನ್ನಾಗಿತ್ತಮ್ಮ," ಎಂದರು. "ಎದುರಿಗೆ ಮುಖ ಇಲ್ಲ, ಮಾತಿಲ್ಲ, ಹರಟೆ ಇಲ್ಲ. ಗೋಡೆ ನೋಡ್ಕೊಂಡು ಉಂಡ್ರೆ ಊಟ ಊಟವಾಗಿ ಆಗತ್ತೆ. ಬಡ್ಸಿದೋರು ಬಹಳ ಅಚ್ಚುಕಟ್ಟು. ನಿಮ್ಮ ಮನೇಲಿ ಬಡ್ಸೋದು ಗೊತ್ತಿದೆ."

ಗಿರಿಜೆಯ ಕಣ್ಣಲ್ಲಿ ನೀರು ತುಂಬಿತು. ಮದುಮಗಳು ಬಂದು ಅವರ ಕಾಲಿಗೆ ಬಿದ್ದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ಅದಿರ್ಲಿ, ಆ ಚಿತ್ರ ಬರೆದೋರು ಯಾರಮ್ಮ?" ಎಂದರು.

ನಾನು ಶಲ್ಯ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ವನಜಾಕ್ಷಿ ನನ್ನ ಕಾಲು ತುಳಿದಳು. ಗಿರಿಜೆ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು:

"ಅದು ಕಂಟ್ರಾಕ್ಟಿನೋರು ತಂದದ್ದು ಬೀಗರೇ."

"ಅದೇ ಅಂದ್ಕೊಂಡೆ," ಎಂದರು ಅವರು.

ಮೂವತ್ತೊಂದು ವರ್ಷದ ಸರ್ವೀಸು! ಒಡಹುಟ್ಟಿದ ತಂಗಿ!

ಮಧ್ಯಾಹ್ನ ನಂಜನಗೂಡಿನ ಬಸ್ಸು ಹತ್ತಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಪಕ್ಕದಲ್ಲಿ ಕೂತ ವನಜಾಕ್ಷಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಚಿತ್ರದಲ್ಲಿ ತಪ್ಪಿರಲಿಲ್ಲ. ಊಟದ ಹಾಲ್ ಸರಿಯಿರಲಿಲ್ಲ. ಎಲೆ ಹಾಸುವವನು ಬಿಡಿಸಿ ಹೇಳಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬನಾದರೂ ಮೊದಲೇ ಕೇಳಬಾರದಿತ್ತೇ?

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದಳು. ಉಳಿದ ಹೋಳಿಗೆಯ ಪೊಟ್ಟಣ ಇಡಲು ಜಾಗ ಹುಡುಕುತ್ತ ನನ್ನ ಚೀಲಕ್ಕೆ ಕೈ ಹಾಕಿದ್ದಳು. ಕವರು ಹೊರಗೆ ಬಂತು. "ಇದೇನ್ರೀ, ಚೀಟಿ?"

"ಗುಂಪು ಚಿಂತನೆ," ಎಂದೆ ಬಿಗುಮಾನದಿಂದ.

ಅವಳು ಒಂದು ಚೀಟಿ ತೆಗೆದು ಓದಿದಳು. "ಸಾರ್, ಎಡ ಅಂದರೆ ಉಣ್ಣುವವರ ಎಡವೋ, ಬಡಿಸುವವರ ಎಡವೋ? ಇಂತಿ ನಾಗಭೂಷಣ."

ಎರಡನೆಯದು ತೆಗೆದಳು. "ಚಿತ್ರವನ್ನು ಯಾವ ಕಡೆ ನಿಂತು ನೋಡಬೇಕು ಸಾರ್?"

ಮೂರನೆಯದೂ ಅದೇ. ನಾಲ್ಕನೆಯದೂ ಅದೇ, ಅದರಾಚೆಯವೂ ಅದೇ. ಒಂದರಲ್ಲಿ ಮಾತ್ರ "ಉಪ್ಪಿಟ್ಟಿಗೆ ಚಟ್ನಿ ಇದೆಯೇ?" ಎಂದಿತ್ತು. ಇನ್ನೊಂದರಲ್ಲೂ ಎಡ ಬಲದ್ದೇ ಪ್ರಶ್ನೆ, ಆದರೆ ಅಕ್ಷರದ ಗುರುತು ಸಿಕ್ಕಿತು.

"ಅದು ನಂದು," ಎಂದಳು ವನಜಾಕ್ಷಿ. "ಕಾಫಿ ಲೋಟ ತಗೊಳ್ಳೋಕೆ ಬಂದಾಗ ಅಂಟಿಸಿದ್ದೆ."

ಉಳಿದದ್ದು ಒಂದೇ ಚೀಟಿ. ಅದನ್ನು ಅವಳು ಓದಲಿಲ್ಲ, ಸುಮ್ಮನೆ ನನ್ನ ಕೈಗೆ ಕೊಟ್ಟಳು. ಅದರಲ್ಲಿ ಅಕ್ಷರವೇ ಇರಲಿಲ್ಲ. ನಡುವೆ ಒಂದು ಬಾಳೆಲೆ. ಅದರ ಆಚೆಗೊಂದು ಚೊಂಬು, ಈಚೆಗೊಂದು ಚೊಂಬು. ಎರಡು ಚೊಂಬಿಗೂ ಕಣ್ಣಿತ್ತು. ಒಂದು ಉಣ್ಣುತ್ತಿತ್ತು, ಒಂದರ ಕೈಯಲ್ಲಿ ಸೌಟಿತ್ತು. ಎರಡರ ಕಣ್ಣಿನಿಂದಲೂ ಎಲೆಯ ತುದಿಗೆ ಒಂದೊಂದು ಗೆರೆ. ಅಷ್ಟೇ. ನಾನು ಮೂರು ದಿನ ಬರೆದು ಹೇಳಲಾಗದ್ದನ್ನು ಅವನು ಅರೆ ನಿಮಿಷದಲ್ಲಿ ಬರೆದು ನನ್ನದೇ ಗೋಡೆಗೆ ಅಂಟಿಸಿದ್ದ. ನಾನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೆ.

ಬಹಳ ಹೊತ್ತು ನೋಡಿದೆ. ಚೊಂಬು ಇನ್ನೂ ಚೊಂಬಿನಂತೆಯೇ ಇತ್ತು, ಅದರಲ್ಲಿ ಏನೂ ಸುಧಾರಣೆಯಾಗಿರಲಿಲ್ಲ. ಆದರೂ ನ್ಯಾಯ ನ್ಯಾಯವೇ. ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೂಲೆಯಲ್ಲಿ ಐವತ್ತಕ್ಕೆ ಐವತ್ತು ಎಂದು ಬರೆದು, ಗೀಟು ಎಳೆದು ಸಹಿ ಹಾಕಿದೆ.

ವನಜಾಕ್ಷಿ ಬಗ್ಗಿ ನೋಡಿದಳು.

"ಚೀಟಿ ತಲೆಕೆಳಗಾಗಿ ಹಿಡ್ಕೊಂಡಿದ್ದೀರಿ ಕಣ್ರೀ," ಎಂದಳು.